ಸೋಮನಿಂಗನ ಹಾಲುಹಲ್ಲು

“ಮಾಳಿಗಿ ಮೂಲ್ಯಾಗಿನ ಆ ಸಗಣಿ ಉಂಡಿಗೆ ಕೈ ಹಚ್ಚಬ್ಯಾಡ್ರಿ, ಮಾಸ್ತರ. ಅದರಾಗ ಸತ್ತ ನನ್ನ ಮಗ ಸೋಮನಿಂಗನ ಹಾಲುಹಲ್ಲು ಅದಾವ. ಅವನ ತಲ್ಯಾಗಿನ ನೆನಪು ಅಳೀಬಾರದಂತ ಅದರಾಗ ಮಂತ್ರಿಸಿ ಇಟ್ಟೇನಿ. ಒಡದವರ ತಲ್ಯಾಗ ಅಂವ ಹೊಗತಾನ,” ಎಂದಳು ಮನೆಯೊಡತಿ ಹುಚ್ಚವ್ವ.

ಎಪ್ಪತ್ನಾಲ್ಕನೇ ಇಸವಿಯಲ್ಲಿ ಗೊಳಸಂಗಿಯ ಸಾಲೆಗೆ ಹೊಸದಾಗಿ ಬಂದಿದ್ದ ಗುರುರಾಜ ನಕ್ಕುಬಿಟ್ಟ. ಉದುರಿದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆಗೆ ಒಗೆಯುವುದು ಅವನಿಗೂ ಗೊತ್ತಿತ್ತು. ತಾಯಿ ರಂಗೂಬಾಯಿ ಅವನ ಹಲ್ಲುಗಳನ್ನೂ ಹಾಗೆಯೇ ಒಗೆದಿದ್ದಳು. ಮಂದಿ ಮನೆಯಲ್ಲಿ ಅಡುಗೆ ಮಾಡಿ ತನ್ನನ್ನು ಓದಿಸಿದ ಆ ತಾಯಿಯನ್ನು ಇನ್ನಾದರೂ ಸುಖವಾಗಿಡಬೇಕೆಂದೇ ಅವನು ಈ ಮನೆ ಬಾಡಿಗೆಗೆ ಹಿಡಿದಿದ್ದ. ನಾಳೆ ಆಕೆ ಬರುವವಳಿದ್ದಳು. ಆಕೆ ಹಪ್ಪಳ ಒಣಗಿಸುವ ಮಾಳಿಗೆಯಲ್ಲಿ ಈ ಹೊಲಸು ಯಾಕೆ?

“ಹಲ್ಲಿನೊಳಗ ನೆನಪು ಇರ್ತಾವಂದ್ರ, ಬೊಕ್ಕಬಾಯಿ ಮುದುಕರು ತಮ್ಮ ಹೆಸರೂ ಮರೀಬೇಕಿತ್ತಲ್ಲ, ಹುಚ್ಚವ್ವ,” ಎಂದು ಚೇಷ್ಟೆ ಮಾಡಿದ. ನಾಲ್ಕಕ್ಷರ ಕಲಿತ ಸೊಕ್ಕು. ಮರುದಿನ ಮುಂಜಾನೆ ಮಾಳಿಗೆ ಹತ್ತಿ ಉಂಡೆಯನ್ನು ಹಿಮ್ಮಡಿಯಿಂದ ಒಡೆದ.

ಒಣಗಿ ಕಲ್ಲಾಗಿರಬೇಕಿದ್ದ ಸಗಣಿ ಒಳಗೆ ಹಸಿಯಾಗಿತ್ತು. ಬೆಚ್ಚಗಿತ್ತು. ಬಿಳಿ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು. ನಡುವೆ ಕರಿದಾರ ಸುತ್ತಿದ ಪುಟ್ಟ ಹಲ್ಲುಗಳು. ಬುಡದಲ್ಲಿ ಇನ್ನೂ ಕೆಂಪು ಮಾಂಸ. ಕೊಳೆತ ಜೋಳದ ನಾತ ಗಪ್ಪನೆ ಮೂಗಿಗೆ ಬಡಿದು ನಾಲಿಗೆಗೆ ಮೆತ್ತಿಕೊಂಡಿತು. ಉಗಿದ. ಹೋಗಲಿಲ್ಲ. ಬೂದಿ ಹಾಕಿ ರಕ್ತ ಬರುವಂತೆ ಹಲ್ಲು ತಿಕ್ಕಿದ. ಹೋಗಲಿಲ್ಲ.

ತಾಯಿಯ ಕೈಯಡುಗೆ ನೆನೆದರೆ ವಾಕರಿಕೆ ನಿಂತೀತೆಂದು ಕಣ್ಣು ಮುಚ್ಚಿದ. ಸಾರಿನ ಪರಿಮಳ ಬರಲಿಲ್ಲ. ಆಕೆ ಮರಾಠಿಯಲ್ಲಿ ಹಾಡುತ್ತಿದ್ದ ಜೋಗುಳ ಬರಲಿಲ್ಲ. ಮುಖವೂ ಬರಲಿಲ್ಲ. ಅಲ್ಲಿ ಕತ್ತಲಿತ್ತು. ನೆಲದಡಿ ಜೋಳ ತುಂಬಿಡುವ ಹಗೇವಿನ ಕತ್ತಲು. ಸೊಂಟಕ್ಕೆ ಹಗ್ಗ. ಯಾರೋ ಇಳಿಸುತ್ತಿದ್ದಾರೆ. ಬೂಷ್ಟು ಹಿಡಿದ ಕಾಳು ತೊಡೆಗೆ ಅಂಟಿತು. ಉಸಿರು ಬಿಸಿಯಾಯಿತು. ಉಸಿರು ಸಿಗಲಿಲ್ಲ. ಮೇಲೆ ಅಂಗೈಯಗಲ ಬೆಳಕು. ಅದರಲ್ಲಿ ಒಂದು ಮುಖ.

ನಿಡಗುಂದಿ ಬಸ್ಸಿಳಿದು ಬಂದ ರಂಗೂಬಾಯಿಗೆ ಕಂಡದ್ದು ಹುಚ್ಚವ್ವನ ಕಾಲ ಬಳಿ ಕಾರಿಕೊಳ್ಳುತ್ತಿದ್ದ ಮಗ. ಕಾರಿದ್ದೆಲ್ಲ ಕಪ್ಪು ಜೋಳ, ಲೋಳೆ.

“ಗುರೂ, ಬಾಳಾ, ನನ್ನ ಕಂದಾ,” ಎಂದು ಆಕೆ ಅವನ ಹಣೆ ಹಿಡಿಯಹೋದಳು. ಅವನು ಹೇಸಿಕೊಂಡು ಆ ಕೈ ತಳ್ಳಿದ.

“ಯಾರವ್ವ ಈಕಿ? ನನ್ನ ಮುಟ್ಟಬ್ಯಾಡ ಅನ್ನು ಆಕಿಗೆ.”

ಹುಚ್ಚವ್ವ ಅವನನ್ನು ಎದೆಗೊತ್ತಿಕೊಂಡಳು. ಬಾಯಿಯ ಲೋಳೆಯನ್ನು ಸೆರಗಿನಿಂದ ಒರೆಸಿದಳು. ನಗುತ್ತಲೇ ಅವನ ತಲೆ ನೇವರಿಸಿದಳು.

“ಬಂದ್ಯಾ, ನನ್ನಪ್ಪಾ.”

ಅವನು ಆಕೆಯ ಮುಖ ದಿಟ್ಟಿಸಿದ.

“ಯವ್ವಾ, ಮೊದಲ ಕಂದೀಲ ಇಳಿಸಿ ನೋಡು, ಅದು ಆರಿದ್ರ ಒಳಗ ಉಸಿರ ಕಟ್ಟತೈತಿ ಅಂದಿದ್ದೆ. ಹೊತ್ತಾಗತೈತಿ ಅಂತ ಬೈದು ಇಳಿಸಿದಿ. ಹಗ್ಗ ಜಗ್ಗಿದೆ. ನೀ ಯಾಕ ಮ್ಯಾಲ ಎಳೀಲಿಲ್ಲ?”

ಮಗ ತಾನೇ ಕಾಲು ಜಾರಿ ಹಗೇವಿಗೆ ಬಿದ್ದು ಸತ್ತನೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದ ಹುಚ್ಚವ್ವನ ತೋಳು ಸಡಿಲಾಯಿತು. ಗೋಡೆಯವರೆಗೆ ಸರಿದಳು. ಅವನು ವಾಂತಿಯಲ್ಲೇ ತೆವಳಿ ಬಂದು ಸೀರೆ ಹಿಡಿದ.

“ಯಾಕ ಎಳೀಲಿಲ್ಲ, ಯವ್ವಾ?”

ರಂಗೂಬಾಯಿ ಬಾಗಿಲಲ್ಲಿ ನಿಂತು ಮಗನ ಹೆಸರು ಹಿಡಿದು ಕೂಗುತ್ತಲೇ ಇದ್ದಳು. ಅವನು ತಿರುಗಿ ನೋಡಲಿಲ್ಲ.