ಸುರ್ಮಾ ಹಚ್ಚಿದ ಶುಕ್ರವಾರ

"ಮೇಡಂ, ಇದು ನಮ್ಮ ಅಬ್ಬಾ ಕಲಾಯಿ ಹಾಕಿದ ಬೋಗುಣಿ. ಇದ್ರಲ್ಲಿ ವಿಷ ಇಲ್ಲ ಅಂತ ಹೇಳ್ಬಿಡಿ, ಸಾಕು!"

ಯಶವಂತಪುರದ ಲ್ಯಾಬಿನ ಮೇಜಿನ ಮೇಲೆ ಹಿತ್ತಾಳೆ ಬೋಗುಣಿಯನ್ನು ಠಣ್ಣೆಂದು ಇಟ್ಟವನು ಸಲ್ಮಾನ್. ದನಿ ಒರಟು, ಕಣ್ಣುಗಳು ಮಾತ್ರ ಅತ್ತು ಕೆಂಪಾಗಿದ್ದವು.

"ಹೇಳಿ ಅಂದ ತಕ್ಷಣ ಹೇಳೋಕಾಗಲ್ಲ. ಪರೀಕ್ಷೇಲಿ ಬಂದದ್ದು ಹೇಳ್ತೀವಿ," ಎಂದಳು ಅಲ್ಲಿನ ಕೆಮಿಸ್ಟ್ ಲೈಬಾ, ಕೊಂಚ ಗತ್ತಿನಿಂದಲೇ.

ಅವನ ಅಕ್ಕ ಕನೀಜಳ ಮಗಳು, ಪುಟ್ಟ ಅಕ್ಬರಿ, ಆಸ್ಪತ್ರೆಯಲ್ಲಿದ್ದಳು. ರಕ್ತದಲ್ಲಿ ಸೀಸ ಸೇರಿದೆ, ಮನೆಯ ಪಾತ್ರೆ ಪರೀಕ್ಷಿಸಿ ಎಂದಿದ್ದರು ಡಾಕ್ಟರು. ಆ ಪಾತ್ರೆಗಳಿಗೆಲ್ಲ ತವರದ ಕಲಾಯಿ ಹಾಕಿದವರು ಅಜ್ಜ ಮಜೀದ್ ಸಾಹೇಬರು. ಅದೇ ಅವರ ಕಸುಬು, ಅದೇ ಅವರ ಮಾನ.

ಸಲ್ಮಾನ್ ಫೋನಿನಲ್ಲಿ ಮಗುವಿನ ಫೋಟೊ ತೋರಿಸಿದ. ಸುರ್ಮಾ ತೀಡಿದ, ನಗುವ ಕಣ್ಣುಗಳು...

"ಕಣ್ಣು ಎಷ್ಟು ಚೆಂದ!" ಎಂದುಬಿಟ್ಟಳು ಲೈಬಾ.

"ಹೆಂಗೆ ಕಂಡುಹಿಡೀತೀರಾ?"

ಅವಳು ಯಂತ್ರದ ಕಪ್ಪು ಗಾಜಿನ ಕಿಂಡಿ ತೋರಿಸಿದಳು. "ಒಳಗೆ ಆರ್ಗಾನ್ ಗ್ಯಾಸ್ ಹರಿಯುತ್ತೆ, ಸುತ್ತ ತಾಮ್ರದ ಸುರುಳಿ. ಸುರುಳಿಗೆ ಕರೆಂಟ್ ಕೊಟ್ರೆ ಗ್ಯಾಸೇ ಉರಿಯೋ ಹಂಗಾಗುತ್ತೆ. ಪ್ಲಾಸ್ಮಾ ಅಂತೀವಿ. ಸೂರ್ಯನ ಮೈಗಿಂತ ಬಿಸಿ! ಪಾತ್ರೇಲಿ ಹಾಕಿಟ್ಟು ತೆಗೆದ ಆಸಿಡ್ ಅದಕ್ಕೆ ಬಿಟ್ರೆ ಒಂದೊಂದು ಲೋಹ ತನ್ನದೇ ಬೆಳಕು ಕೊಡುತ್ತೆ. ಚೂರೇ ಚೂರು ಸೀಸ ಇದ್ರೂ ಗೊತ್ತಾಗುತ್ತೆ."

"ಬೆಂಕಿ ಸುಳ್ಳು ಹೇಳಲ್ಲ ಅನ್ನಿ. ಅಬ್ಬಾನೂ ಹಂಗೇ ಅಂತಾರೆ," ಎಂದು ಅವನು ಮೊದಲ ಸಲ ನಕ್ಕ.

ಆ ನಗು ಅವಳನ್ನು ಮನೆಗೆ ಹೋದರೂ ಬಿಡಲಿಲ್ಲ!

ಅವನು ಫಲಿತಾಂಶಕ್ಕೆ ಬರಬೇಕಿದ್ದ ಶುಕ್ರವಾರ, ಕನ್ನಡಿ ಮುಂದೆ ಲೈಬಾಳಿಗೆ ಏನಾಯಿತೋ. ಲ್ಯಾಬಿಗೆ ಕಣ್ಣಿಗೆ ಏನೂ ಹಚ್ಚಿಕೊಂಡು ಬರಬಾರದೆಂದು ಗೊತ್ತಿಲ್ಲದವಳಲ್ಲ. 'ಒಂದಿನ ತಾನೇ...' ಎಂದುಕೊಂಡು ಅಮ್ಮಿಯ ಸುರ್ಮಾದಾನಿ ತೆರೆದು ಕಣ್ಣಿಗೆ ತೀಡಿಕೊಂಡಳು.

ಮಧ್ಯಾಹ್ನ ಬೋಗುಣಿಯ ಪರೀಕ್ಷೆಯಲ್ಲಿ ಸೀಸ ಕಂಡಿತು.

"ಇನ್ನೊಂದ್ಸಲ ನೋಡಿ ಮೇಡಂ, ಕೈ ಮುಗೀತೀನಿ!"

ಲೈಬಾಳಿಗೆ ಚುರ್ರೆಂದಿತು. "ನನ್ನ ಕೆಲಸದ ಮೇಲೆ ಅನುಮಾನಾನಾ? ಬೆಂಕಿ ಸುಳ್ಳು ಹೇಳಲ್ಲ ಅಂದೋರು ನೀವೇ ಅಲ್ವಾ?"

ಸಲ್ಮಾನ್ ಬೋಗುಣಿ ಎತ್ತಿಕೊಂಡು ಹೋದವನು ಮತ್ತೆ ಬರಲಿಲ್ಲ. ಅವಳು ಬಾಗಿಲು ನೋಡುವುದನ್ನೂ ಬಿಡಲಿಲ್ಲ.

ತಿಂಗಳುಗಳು ಕಳೆದು ಈದ್ ಬಂತು. ಹಬ್ಬಕ್ಕೆ ಲೈಬಾ ಹಚ್ಚಿದ ಸುರ್ಮಾ ಮಾರನೇ ದಿನವೂ ಪೂರ್ತಿ ಹೋಗಿರಲಿಲ್ಲ.

"ಲೈಬಾ, ಪಾತ್ರೆಗೆ ಹಾಕದ ಬರೀ ಆಸಿಡ್‌ನಲ್ಲೇ ಸೀಸ ತೋರಿಸ್ತಿದೆ ಕಣೇ!" ಹಿರಿಯ ಕೆಮಿಸ್ಟ್ ನಾಗಲಕ್ಷ್ಮಿ ಕೂಗಿದಳು. "ಕಣ್ಣು ಉಜ್ಜಿದ್ಯಾ? ಸುರ್ಮಾದಲ್ಲೂ ಸೀಸ ಇರುತ್ತಲ್ಲ, ಗ್ಲೌಸ್ ನೋಡ್ಕೋ."

ಬೆರಳ ತುದಿಯಲ್ಲಿ ಕಪ್ಪು ಗೆರೆ.

ಲೈಬಾ ಗ್ಲೌಸ್ ಕಿತ್ತು ಬಿಸಾಡಿದಳು. ಆ ಶುಕ್ರವಾರವೂ ಕಣ್ಣುರಿದಿತ್ತು... ಉಜ್ಜಿದ್ದಳು!

ಬೋಗುಣಿಯ ಉಳಿದ ಆಸಿಡ್ ಕಪಾಟಿನ ಬಾಟಲಿಯಲ್ಲಿ ಇನ್ನೂ ಇತ್ತು. ಮುಖ ತೊಳೆದು, ಹೊಸ ಗ್ಲೌಸ್ ಹಾಕಿ ಯಂತ್ರಕ್ಕೆ ಬಿಟ್ಟಳು. ಬರೀ ತವರ. ಸೀಸದ ಸುಳಿವೂ ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇದಕ್ಕೇ.

ಆಗ ನೆನಪಾಯಿತು, ಫೋಟೊದಲ್ಲಿದ್ದ ಆ ಚೆಂದದ ಕಣ್ಣು.

'ಯಾ ಅಲ್ಲಾ, ಮಗು!'

ಲ್ಯಾಬಿನ ದಾಖಲೆಯಲ್ಲಿದ್ದ ವಿಳಾಸ ಹಿಡಿದು, ರೈಲು ಹತ್ತಿ ಚಿಕ್ಕಬಾಣಾವರದಲ್ಲಿ ಇಳಿದಳು. ಮನೆ ಮುಂದಿನ ಕಲಾಯಿ ಕುಲುಮೆಯಲ್ಲಿ ಹುಲ್ಲು ಬೆಳೆದಿತ್ತು.

"ಇನ್ನೇನ್ ಉಳಿದಿದೆ ಅಂತ ಬಂದ್ರಿ?" ಸಲ್ಮಾನ್ ಬಾಗಿಲಲ್ಲೇ ತಡೆದ.

ಒಳಗೆ ಮಜೀದ್ ಸಾಹೇಬರು ಲಕ್ವ ಹೊಡೆದು ಮಲಗಿದ್ದರು. ಲ್ಯಾಬಿನ ಮಾತು ಕೇಳಿದ ದಿನವೇ ಕನೀಜ್ ಮಗಳನ್ನು ಅವರ ತೊಡೆಯಿಂದ ಎಳೆದುಕೊಂಡಿದ್ದಳು. ಅವರು ಕುಲುಮೆ ಆರಿಸಿದ್ದು ಅವತ್ತೇ. ಗೋಡೆಗೊರಗಿ ಕೂತಿದ್ದ ಅಕ್ಬರಿ ಕಡ್ಡಿಯಾಗಿದ್ದಳು. ಕಣ್ಣಲ್ಲಿ ಸುರ್ಮಾ ಇತ್ತು.

"ಮೊದ್ಲು ಅದನ್ನ ಒರೆಸಿ! ಸೀಸ ಇರೋದು ಅದ್ರಲ್ಲಿ!"

"ನಜರ್ ತಾಗ್ಬಾರ್ದು, ದೃಷ್ಟಿ ಆಗ್ಬಾರ್ದು ಅಂತ ದಿನಾ ಹಚ್ತಿದ್ದೆ... ಯಾ ಅಲ್ಲಾ, ನಾನೇನಾ?" ಕನೀಜ್ ದುಪಟ್ಟಾದಿಂದ ಒರೆಸುತ್ತಾ ಕುಸಿದಳು.

ಲೈಬಾ ಮುದುಕರ ಕಾಲ ಬಳಿ ಕೂತಳು. "ಬಾಬಾ, ನಿಮ್ಮ ಕಲಾಯಿ ಚೊಕ್ಕ. ಸೀಸ ಇದ್ದದ್ದು ನನ್ನ ಕಣ್ಣಲ್ಲಿ. ರೂಲ್ ಮುರಿದು ಲ್ಯಾಬಿಗೆ ಸುರ್ಮಾ ಹಚ್ಕೊಂಡು ಹೋಗಿದ್ದೆ, ನಂದೇ ತಪ್ಪು."

ಅವರ ಬಲಗೈ ತಡಕಾಡಿತು. ಕನೀಜ್ ಮಗುವನ್ನು ಆ ಕೈಗೆ ಒಪ್ಪಿಸಿದಳು.

ಹೊರಗೆ ಬಂದ ಮೇಲೆ ಸಲ್ಮಾನ್ ಕೇಳಿದ. "ರೂಲ್ ಗೊತ್ತಿದ್ದೂ ಅವತ್ತು ಯಾಕ್ ಹಚ್ಚಿದ್ರಿ?"

"ನೀವು ಬರ್ತೀರಂತ..."

ಅವನು ಮುಖ ಮುಚ್ಚಿಕೊಂಡು ಅತ್ತ. ಬೈದಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

ಒಳಗಿಂದ ಮಜೀದ್ ಸಾಹೇಬರ ತೊದಲು ದನಿ ಬಂತು. "ಮಗೂಗೆ... ವಿಷ... ನಾನೇ..."

"ಮರ್ತುಬಿಟ್ರು," ಎಂದ ಸಲ್ಮಾನ್. "ಲಕ್ವ ಆದ್ಮೇಲೆ ಏನೂ ನೆನಪಿರಲ್ಲ. ಆ ವಿಷದ ಮಾತೊಂದೇ ಉಳಿದಿರೋದು."

"ಮತ್ತೆ ಹೇಳ್ತೀನಿ."

"ನಾಳೆನೂ ಮರೀತಾರೆ."

"ನಾಳೆನೂ ಬರ್ತೀನಿ. ಅವರು ಇರೋವರ್ಗೂ ದಿನಾ ಬಂದು ಹೇಳ್ತೀನಿ."

ಸಲ್ಮಾನ್ ಸುರ್ಮಾ ಇಲ್ಲದ ಅವಳ ಕಣ್ಣನ್ನೇ ನೋಡಿದ. "ನಿಮಗೆ ಶಾಪ ಹಾಕ್ಬೇಕು ಅಂತ ಎಷ್ಟು ಸಲ ಕೂತಿದ್ದೀನಿ ಗೊತ್ತಾ? ಆಗ್ಲಿಲ್ಲ. ಆ ಯಂತ್ರ ತೋರಿಸಿದ ಹುಡುಗೀನೇ ಕಣ್ಮುಂದೆ ಬರೋಳು... ದಿನಾ ರೈಲು ಹತ್ಕೊಂಡು ಬರ್ತೀರಾ?"

"ಬರ್ತೀನಿ."

"ಬೇಡ..." ಅವನು ಬಾಗಿಲನ್ನು ಪೂರ್ತಿ ತೆರೆದ. "ಇಲ್ಲೇ ಇದ್ಬಿಡಿ."