ಕಿಕಾಂಡೆ ಇಲ್ಲದ ಬುಟ್ಟಿಗಳು

ಗುರುವಾರ ಸಂಜೆ ಐದು ಇಪ್ಪತ್ತಕ್ಕೆ ಕಿಟೊಪೆನಿ ಠಾಣೆಗೆ ಬಂದ ಬಕಾರಿಯ ಬಟ್ಟೆಯಿಂದ ಉಪ್ಪುನೀರು ಇನ್ನೂ ಇಳಿಯುತ್ತಿತ್ತು. ಮೀನುಗಾರನಾಗಿದ್ದ ತನ್ನ ತಮ್ಮ ಮ್ಸೆಲೆಮು ಸತ್ತುಹೋದ ಎಂದ. ಹವಳದ ದಿಬ್ಬದ ಅಂಚಿನಲ್ಲಿ ಮ್ಸೆಲೆಮು ಇಟ್ಟಿದ್ದ ನಾಲ್ಕು ಬಿದಿರಿನ ಮೀನುಬುಟ್ಟಿಗಳಿಗೆ ಗುರುತಾಗಿ ತೇಲುತ್ತಿದ್ದ ಡಬ್ಬಿಗಳ ಹಗ್ಗವನ್ನು ಯಾರೋ ಕೊಯ್ದಿದ್ದರು. ಭರತದ ಹೊತ್ತಿನಲ್ಲಿ ಬುಟ್ಟಿ ಹುಡುಕಲು ಮುಳುಗಿದವನ ಕಾಲಿಗೆ ನೀರಲ್ಲಿ ಓಲಾಡುತ್ತಿದ್ದ ಹಗ್ಗ ಸುತ್ತಿಕೊಂಡಿತ್ತು.

ಇನ್ಸ್‌ಪೆಕ್ಟರ್ ತೌಸಿ ಮ್ಕ್ವಾಂಡಾ ಎಫ್‌ಐಆರ್ ದಾಖಲಿಸಿದಳು.

"ಯಾರ ಮೇಲೆ ಅನುಮಾನ?"

"ಆಚೆ ಊರಿನ ಎಳೆಬಲೆಯವರು. ನಮ್ಮ ಬುಟ್ಟಿ ಅವರ ಬಲೆಗೆ ಅಡ್ಡ. ಅವರಲ್ಲದೆ ಇನ್ಯಾರು?"

ಶುಕ್ರವಾರದ ನಮಾಜಿನ ನಂತರ ಮಣ್ಣು. ಅದಾದ ಮೇಲೆ ಆಚೆ ಊರಿಗೆ ದೋಣಿ ಹತ್ತಲು ಮೂವತ್ತು ಮಂದಿ ಮಚ್ಚು ಮಸೆಯುತ್ತಿದ್ದಾರೆಂದು ಕಾನ್‌ಸ್ಟೆಬಲ್ ಲಿಗೋಲಾ ಸುದ್ದಿ ತಂದ.

ಮರುದಿನ ಹತ್ತು ನಲವತ್ತಕ್ಕೆ, ಇಳಿತದಲ್ಲಿ, ಸೊಂಟದ ನೀರಿಗಿಳಿದು ಪಂಚನಾಮೆ ನಡೆಸಿದರು. ಬುಟ್ಟಿಗಳಲ್ಲಿ ತಾಸಿ ಮೀನು ಹಾಗೇ ಇತ್ತು. ಪೇಟೆಯಲ್ಲಿ ಒಳ್ಳೆ ಬೆಲೆ ಬರುವ ಮೀನು. ಮೇವಿಗೆಂದು ಒಡೆದು ಹಾಕಿದ, ಮೈತುಂಬ ಮುಳ್ಳಿರುವ ಕಡಲಜೀವಿ ಮುಳ್ಳುಚೆಂಡಿನ ಚೂರುಗಳೂ ಇದ್ದವು.

"ಏನು ಕಾಣೆಯಾಗಿದೆ?" ತೌಸಿ ಬಕಾರಿಯನ್ನು ಕೇಳಿದಳು.

ಅವನು ಒಳಗೆ ಇಣುಕಿದ. "ಕಿಕಾಂಡೆ. ಆ ಮೇವಿಗೆ ಹೆಚ್ಚು ಬರೋದು ಕಿಕಾಂಡೆ ಮೀನು. ಒಂದೂ ಇಲ್ಲ."

ಕಿಕಾಂಡೆಗೆ ಪೇಟೆಯಲ್ಲಿ ಕಾಸಿನ ಬೆಲೆ. ಯಾವ ಕಳ್ಳ ತಾಸಿ ಬಿಟ್ಟು ಅದನ್ನು ಒಯ್ಯುತ್ತಾನೆ? ಲಿಗೋಲಾ ಬುಟ್ಟಿಯ ಬಾಯನ್ನು ತಿರುಗಿಸಿ ನೋಡಿದ. ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದರು.

"ಆಕ್ಟೋಪಸ್ ಪೋಣಿಸೋ ಗಂಟು ಮೇಡಂ. ನಮ್ಮಮ್ಮ ಹೀಗೇ ಹಾಕ್ತಿದ್ದಳು. ಗಂಡಸರು ಹಾಕಲ್ಲ."

ದಿಬ್ಬದ ಮೇಲೆ ಹೆಂಗಸರು ಆಕ್ಟೋಪಸ್ ಹಿಡಿಯುವುದನ್ನು, ಊರಿನ ಮೀನುಗಾರಿಕೆ ನೋಡಿಕೊಳ್ಳುವ ದಡದ ಸಮಿತಿ ಮೂರು ತಿಂಗಳು ನಿಲ್ಲಿಸಿತ್ತು. ಕಿಕಾಂಡೆಯ ಮಾತು ಅಲ್ಲಿ ಯಾರಾದರೂ ಎತ್ತಿದ್ದರೇ ಎಂದು ತೌಸಿ ವಿಚಾರಿಸಿದಾಗ ಕಾರ್ಯದರ್ಶಿ ನಕ್ಕ. ಪ್ರತಿ ಸಭೆಯಲ್ಲೂ ಅದೇ ಹಾಡು ಹಾಡುವವಳು ಒಬ್ಬಳಿದ್ದಾಳೆ, ಮ್ವಾನಾಹಾವಾ, ಐವತ್ತೆಂಟರ ಹೆಂಗಸು ಎಂದ.

ಹನ್ನೆರಡು ಹತ್ತಕ್ಕೆ ಹೋದಾಗ ಅವಳು ಒಲೆ ಹಚ್ಚದೆ ಅಂಗಳದಲ್ಲಿ ಕೂತಿದ್ದಳು.

"ಗುರುವಾರ ಬೆಳಿಗ್ಗೆ ದಿಬ್ಬದ ಮೇಲಿದ್ರಾ ಅಮ್ಮ?"

"ಇದ್ದೆ."

"ಹಗ್ಗ?"

"ನಾನೇ ಕೊಯ್ದೆ ಮಗಳೇ."

ಕೇಳದಿದ್ದರೂ ಉಳಿದದ್ದನ್ನು ಅವಳೇ ಹೇಳಿದಳು. ಮುಳ್ಳುಚೆಂಡನ್ನು ಒಡೆದು ತಿನ್ನುವ ಮೀನು ಕಿಕಾಂಡೆ. ಅದನ್ನೆಲ್ಲ ಹಿಡಿದು ಮುಗಿಸಿದ್ದಕ್ಕೆ ಮುಳ್ಳುಚೆಂಡು ಹೆಚ್ಚಿ ಹವಳವನ್ನೂ ಕಡಲಹುಲ್ಲನ್ನೂ ಕೆರೆದು ಬೋಳು ಮಾಡಿತು. ಅವಿತುಕೊಳ್ಳಲು ಜಾಗವಿಲ್ಲದೆ ಆಕ್ಟೋಪಸ್ ಹೊರಟುಹೋಯಿತು. ಆಕ್ಟೋಪಸ್ ಒಂದನ್ನು ಹಿಡಿಯಬೇಡಿ ಅಂದು ಕಿಕಾಂಡೆ ಹಿಡಿಯಲು ಬಿಟ್ಟರೆ ಏನು ಬಂತು ಎಂದು ಸಮಿತಿಗೆ ಹೇಳಿ ಸೋತಿದ್ದಳು. ಎರಡು ವಾರದಿಂದ ಇಳಿತದಲ್ಲಿ ಬುಟ್ಟಿ ಬಿಚ್ಚಿ ಕಿಕಾಂಡೆ ಮಾತ್ರ ಬಿಡುತ್ತಿದ್ದಳು. ತಾಸಿ ಮುಟ್ಟಲಿಲ್ಲ, ಅದು ಮ್ಸೆಲೆಮುವಿನ ಮನೆಯ ಊಟ.

"ಹಗ್ಗ ಯಾಕೆ ಕೊಯ್ದಿರಿ?"

"ಮಾರ್ಚಿನಲ್ಲಿ ನಿಮ್ಮ ಠಾಣೆಗೂ ಬಂದಿದ್ದೆ. ಮೀನಿನ ಜಗಳ ಪೊಲೀಸರದ್ದಲ್ಲ ಅಂದ್ರು. ಬುಟ್ಟಿ ಕಳೆದರೆ ಅವನು ದೂರು ಕೊಡ್ತಾನೆ, ಆಗಲಾದರೂ ಯಾರೋ ಬಂದು ಬರ್ಕೊಳ್ತಾರೆ ಅಂದ್ಕೊಂಡೆ. ಮುಳುಗ್ತಾನೆ ಅಂತ ತೋಚಲಿಲ್ಲ."

ಲಿಗೋಲಾ ನೆಲ ನೋಡುತ್ತಿದ್ದ. ಅವತ್ತು ಅವಳನ್ನು ವಾಪಸು ಕಳಿಸಿದವನು ಅವನೇ.

ಹನ್ನೆರಡು ಐವತ್ತಕ್ಕೆ ದಸ್ತಗಿರಿ. ಜೀಪು ಮಸೀದಿಯ ಮುಂದೆಯೇ ಹೋಗಬೇಕಿತ್ತು. ತೌಸಿ ಇಳಿದು, ಮಚ್ಚು ಹಿಡಿದವರ ನಡುವೆ ನಡೆದು, ಬಕಾರಿಗೆ ಹಗ್ಗ ಕೊಯ್ದವಳ ಹೆಸರು ಹೇಳಿದಳು. ಅವನು ಜೀಪಿನ ಬಳಿ ಬಂದು ಒಳಗೆ ಕೂತಿದ್ದ ಮ್ವಾನಾಹಾವಾಳನ್ನು ನೋಡಿದ.

"ಮಚ್ಚು ಕೆಳಗಿಡಿ," ಎಂದ ಜೊತೆಯವರಿಗೆ. "ಮೊದಲು ಮಣ್ಣಾಗಲಿ."

ಮ್ವಾನಾಹಾವಾಳ ಹೇಳಿಕೆ ಏಳು ಪುಟವಾಯಿತು. ಹಗ್ಗದ ಬಗ್ಗೆ ಅದರಲ್ಲಿ ಇದ್ದದ್ದು ಎರಡೇ ಸಾಲು, ಮಿಕ್ಕಿದ್ದೆಲ್ಲ ಕಡಲಿನದು. ಬರೆದುಕೊಂಡವನು ಲಿಗೋಲಾ. ಚಿಕ್ಕದು ಮಾಡಲೇ ಎಂದು ಅವನು ಕೇಳಿದಾಗ ತೌಸಿ ಬೇಡ ಎಂದಳು.