ಹನ್ನೊಂದು ಮುದಿ ಕುದುರೆಗಳ ಪ್ರಕರಣ

೧೯೨೫ರ ಸೆಪ್ಟೆಂಬರ್ ಒಂಬತ್ತು, ಬುಧವಾರ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಕುದುರೆ, ದನಗಳ ರ‍್ಯಾಂಚಿನ ಒಡೆಯ ರಾಯಲ್ ಸ್ಟಾಡ್ಲರ್, ಮೊಂಟಾನಾದ ಹಾರ್ಲನ್ ಕ್ರಾಸಿಂಗ್‌ನ ಶೆರಿಫ್ ಕಚೇರಿಗೆ ಬಂದು, ಟೋಪಿ ಕೂಡ ತೆಗೆಯದೆ ಕುರ್ಚಿ ಎಳೆದುಕೊಂಡು ಕುಳಿತು, ತನ್ನ ಕುದುರೆಗಳು ಕಳುವಾಗಿಲ್ಲ ಎಂದು ದೂರು ಕೊಟ್ಟ.

ಶೆರಿಫ್ ಆನ್ಸೆಲ್ ಹಕಬಿ ಶಾಯಿಯಲ್ಲಿ ಅದ್ದಿದ ಲೇಖನಿಯನ್ನು ಹಾಗೇ ಮೇಲೆ ಹಿಡಿದುಕೊಂಡ. ಅವನಿಗೆ ಐವತ್ತೆಂಟು ವರ್ಷ, ಎಡಸೊಂಟದಲ್ಲಿ ಬಿಡದ ನೋವು. ಪಾನನಿಷೇಧ ಬಂದು ಆರನೇ ವರ್ಷ ನಡೆಯುತ್ತಿತ್ತು. ಕೆನಡಾ ಗಡಿ ಉತ್ತರಕ್ಕೆ ಹದಿನಾಲ್ಕೇ ಮೈಲಿ. ಈ ಆರು ವರ್ಷಗಳಲ್ಲಿ ವಿಸ್ಕಿಯ ಕೇಸಿನಲ್ಲಿ ಅವನು ಒಳಗೆ ಹಾಕಿದ್ದು ಹೆಚ್ಚಾಗಿ ಗುರುತು ಪರಿಚಯದವರನ್ನೇ. ತನ್ನ ಮದುವೆಯಲ್ಲಿ ಪಿಟೀಲು ಬಾರಿಸಿದವನನ್ನು ಎರಡು ಸಲ ಹಾಕಿದ್ದ. ಈ ಕೆಲಸದ ಮೇಲೆ ಅವನಿಗೆ ಕೋಪವೂ ಉಳಿದಿರಲಿಲ್ಲ, ಬೇಸರವಷ್ಟೇ ಉಳಿದಿತ್ತು.

"ಕಳುವಾಗಿಲ್ಲ ಅಂದ್ರೆ ನಾನೇನು ಬರ್ಕೊಳ್ಳಲಿ ರಾಯಲ್?"

"ಯಾರೋ ರಾತ್ರಿ ಹೊಡ್ಕೊಂಡು ಹೋಗಿ, ಬೆಳಗಾಗೋದ್ರೊಳಗೆ ತಂದು ಬಿಡ್ತಿದಾರೆ. ಒಂದು ತಿಂಗಳಲ್ಲಿ ನಾಲ್ಕು ಸಾರಿ. ಬೆಳಿಗ್ಗೆ ನೋಡಿದ್ರೆ ಬೆನ್ನ ಮೇಲೆ ಬೆವರು ಒಣಗಿ ಉಪ್ಪು ಕೂತಿರುತ್ತೆ."

"ಯಾವ ಕುದುರೆಗಳು?"

"ಉತ್ತರದ ಬಯಲಲ್ಲಿರೋ ಮುದಿಯವು. ಹನ್ನೊಂದು."

"ಮುದಿ ಕುದುರೆ ಬೆವರಿದ್ರೆ ನಿಂಗೇನಪ್ಪ ನಷ್ಟ?"

"ಹದಿನಾರಕ್ಕೆ ಡಬ್ಬಿ ಕಾರ್ಖಾನೆಯವನು ಬರ್ತಾನೆ. ತೂಕದ ಮೇಲೆ ತಗೊಳ್ಳೋದು. ಈಗ್ಲೇ ಪಕ್ಕೆಲುಬು ಎಣಿಸಬಹುದು, ಹಾಗಾಗಿವೆ."

ಟ್ರ್ಯಾಕ್ಟರು ಬಂದ ಮೇಲೆ ಮೊಂಟಾನಾದ ಎಷ್ಟೋ ಕುದುರೆಗಳು ಹೀಗೆ ರೈಲು ಹತ್ತಿ ಹೋಗಿ ಮಾಂಸದ ಡಬ್ಬಿಗಳಾಗಿದ್ದವು. ಮೂಲೆಯಲ್ಲಿ ಕುಳಿತಿದ್ದ ಡೆಪ್ಯುಟಿ ಲೈಲ್ ಪ್ರೂಯಿಟ್ ಇಪ್ಪತ್ತನಾಲ್ಕರ ಹುಡುಗ, ಬಾಯಿ ಸುಮ್ಮನಿರುತ್ತಿರಲಿಲ್ಲ.

"ಸಾರ್, ಅಪರಾಧ ಅನ್ನೋ ಕಾಲಮ್ಮಲ್ಲಿ ಬೆವರು ಅಂತ ಬರೀಲಾ?"

"ಹೋಗಿ ಕಾರು ಸ್ಟಾರ್ಟ್ ಮಾಡು," ಎಂದ ಹಕಬಿ.

ಹನ್ನೊಂದೂ ನಲವತ್ತಕ್ಕೆ ಅವರು ಸ್ಟಾಡ್ಲರನ ರ‍್ಯಾಂಚ್ ತಲುಪಿದರು. ಅಡುಗೆಯವನನ್ನೂ ಒಬ್ಬ ದನಗಾಹಿಯನ್ನೂ ಪಂಚರನ್ನಾಗಿ ನಿಲ್ಲಿಸಿಕೊಂಡು ಒಂದೊಂದೇ ಕುದುರೆಯನ್ನು ನೋಡಿದ್ದಾಯಿತು. ಕುದುರೆಗಳನ್ನು ಹಿಡಿದು ತಂದವಳು ಥಿಯಾ ಓಡೆಗಾರ್ಡ್, ಹದಿನೈದು ವರ್ಷದ ಹುಡುಗಿ. ಅವಳಪ್ಪ ನಿಲ್ಸ್ ಇದೇ ರ‍್ಯಾಂಚಿನಲ್ಲಿ ಕುದುರೆ ಪಳಗಿಸುತ್ತಿದ್ದವನು. ಏಳು ವರ್ಷದ ಹಿಂದೆ ಶೀತಜ್ವರದ ಹಾವಳಿಯಲ್ಲಿ ಹೋದ. ತಾಯಿ ಅದಕ್ಕೂ ಮೊದಲೇ ಹೋಗಿದ್ದಳು. ಅಂದಿನಿಂದ ಈ ಹುಡುಗಿ ಜೀನುಮನೆಯ ಅಟ್ಟದಲ್ಲಿ ಮಲಗಿ, ಕುದುರೆ ನೋಡಿಕೊಂಡು, ಊಟ ಹಾಕಿದಲ್ಲಿ ಉಂಡು ಬೆಳೆದಿದ್ದಳು. ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ.

ಪ್ರೂಯಿಟ್ ಪಂಚನಾಮೆ ಬರೆದ. ಹನ್ನೊಂದೂ ಕುದುರೆಗಳ ಬೆನ್ನ ಮೇಲೆ ಹೇರುಜೀನಿನ, ಅಂದರೆ ಸಾಮಾನು ಹೇರುವ ಜೀನಿನ, ಗುರುತು. ಆದರೆ ಒಂದರ ಮೈಮೇಲೂ ಹುಣ್ಣಿಲ್ಲ. ಚರ್ಮ ಉಜ್ಜುವ ಕಡೆಯಲ್ಲೆಲ್ಲ ಕೊಬ್ಬಿನ ಮುಲಾಮು ಹಚ್ಚಿದೆ. ಗೊರಸು ಹೊಸದಾಗಿ ಕತ್ತರಿಸಿದೆ. ಮಿನ್ನಾ ಎಂಬ ಬೂದು ಹೆಣ್ಣುಕುದುರೆಯ ಕತ್ತಿನ ಕೂದಲಲ್ಲಿ ಎರಡೆಳೆ ಹುಲ್ಲು ಸಿಕ್ಕಿದೆ. ಅದು ಬಾಟಲಿ ಒಡೆಯದಂತೆ ಸುತ್ತುವ ಹೆಣೆದ ಹುಲ್ಲು. ಅಂಥ ಹುಲ್ಲು ಈ ಕಡೆ ಬರುವುದು ಕೆನಡಾದ ವಿಸ್ಕಿಯ ಜೊತೆಗೆ ಮಾತ್ರ.

"ಪಕ್ಕದಲ್ಲೇ ಇಪ್ಪತ್ತೆರಡು ಹರೆಯದ ಕುದುರೆ ಮೇಯ್ತಾ ಇವೆ. ಕಳ್ಳರಿಗೆ ಕಣ್ಣಿಲ್ವಾ ಸಾರ್? ಈ ಮುದುಕರನ್ನೇ ಯಾಕೆ ಆರಿಸಿದ್ರು?" ಎಂದ ಪ್ರೂಯಿಟ್.

ಹಕಬಿ ಹುಡುಗಿಯ ಕಡೆ ತಿರುಗಿದ.

"ನೀನು ಮಲಗೋದು ಎಲ್ಲಿ ಮಗು?"

"ಅಟ್ಟದ ಮೇಲೆ."

"ರಾತ್ರಿ ಏನಾದ್ರೂ ಸದ್ದು?"

"ಇಲ್ಲ ಸಾರ್."

"ನಾಯಿ ಬೊಗಳಲ್ವಾ?"

"ಅದಕ್ಕೆ ವಯಸ್ಸಾಗಿದೆ. ಕಿವಿ ಕೇಳಲ್ಲ."

"ಇಲ್ಲಿ ಎಲ್ಲಾರಿಗೂ ವಯಸ್ಸಾಗಿದೆ ಬಿಡು. ಮುಲಾಮು ಹಚ್ಚಿದ್ದು?"

"ನಾನೇ. ಬೆಳಿಗ್ಗೆ ನೋಡ್ದಾಗ ಬೆನ್ನು ಕೆಂಪಾಗಿತ್ತು. ಹಚ್ಚಬಾರದಿತ್ತಾ?"

ಹಕಬಿ ತಲೆಯಾಡಿಸಿದ. ಸುಳ್ಳು ಹೇಳುವವರನ್ನು ಅವನು ಬೇಕಾದಷ್ಟು ನೋಡಿದ್ದ. ಇವಳು ಚೆನ್ನಾಗಿ ಹೇಳುತ್ತಿದ್ದಾಳೆ ಎನ್ನಿಸಿತು, ಅಷ್ಟೇ.

ಮರುದಿನ ಹತ್ತನೇ ತಾರೀಕು ಮಧ್ಯಾಹ್ನ ಒಂದು ಗಂಟೆಗೆ ಅವನು ಹಳೆಯ ಉಪಾಯವೊಂದನ್ನು ಮಾಡಿದ. ಹುಡುಗಿಯನ್ನು ಬೇರೆ ಕೆಲಸಕ್ಕೆ ಕಳಿಸಲು ಸ್ಟಾಡ್ಲರನಿಗೆ ಹೇಳಿ, ಮಿನ್ನಾಳ ಬೆನ್ನಿಗೆ ಖಾಲಿ ಹೇರುಜೀನು ಕಟ್ಟಿ, ಹಗ್ಗ ಬಿಟ್ಟುಬಿಟ್ಟ. ಅದು ಒಂದು ಗಳಿಗೆ ನಿಂತು ಯೋಚಿಸಿತು. ಆಮೇಲೆ ಆಫೀಸಿಗೆ ಹೊರಟ ಗುಮಾಸ್ತನಂತೆ ನೇರ ಉತ್ತರಕ್ಕೆ ನಡೆಯತೊಡಗಿತು. ಶೆರಿಫನೂ ಡೆಪ್ಯುಟಿಯೂ ಕುದುರೆ ಹತ್ತಿ ಹಿಂದೆ ಹೋದರು.

ದಾರಿಯಲ್ಲಿ ನಾಲ್ಕು ಗೇಟು. ಎಲ್ಲವೂ ಮುಳ್ಳುತಂತಿಯವು. ಇಂಥ ಗೇಟು ಹಾಕಬೇಕಾದರೆ ತಂತಿಯ ಕೊನೆಯ ಗೂಟವನ್ನು ಕಂಬದ ಹತ್ತಿರಕ್ಕೆ ಬಿಗಿಯಾಗಿ ಎಳೆದು, ಮೇಲಿನ ತಂತಿಬಳೆ ತೊಡಿಸಬೇಕು. ಗಂಡಸರು ಕಂಬಕ್ಕೆ ಹೆಗಲು ಕೊಟ್ಟು ಒಂದೇ ಉಸಿರಿಗೆ ಎಳೆಯುತ್ತಾರೆ. ಮಿನ್ನಾ ಪ್ರತಿಯೊಂದು ಗೇಟಿನ ಮುಂದೆಯೂ ತಾನಾಗಿ ನಿಂತು, ಯಾರಾದರೂ ತೆಗೆಯಲಿ ಎಂದು ಕಾಯಿತು.

"ನಾಲ್ಕಕ್ಕೆ ನಾಲ್ಕೂ ಹಾಕಿದಾರೆ," ಎಂದ ಹಕಬಿ ಕೊನೆಯ ಗೇಟಿನಲ್ಲಿ ಇಳಿಯುತ್ತಾ. "ವಿಸ್ಕಿ ಹೊರೋನು ಗೇಟು ಹಾಕಿದ್ದನ್ನ ನೋಡಿದೀಯಾ ಲೈಲ್? ಅವರು ತಂತಿ ಕತ್ತರಿಸ್ಕೊಂಡು ಹೋಗ್ತಾರೆ. ದನ ಎಲ್ಲಿ ಹಾಳಾದ್ರೆ ಅವರಿಗೇನು."

"ಅಂದ್ರೆ ರ‍್ಯಾಂಚಿನವರೇ."

"ಅದಲ್ಲದೆ, ಇಲ್ಲಿ ನೋಡು."

ಕಂಬಕ್ಕೆ ದಾರ ಕಟ್ಟಿ ಒಂದು ಕೋಲು ತೂಗಿಬಿಟ್ಟಿತ್ತು. ಎರಡಡಿ ಉದ್ದದ ಕೋಲು, ಹಿಡಿದು ಹಿಡಿದು ನುಣುಪಾಗಿತ್ತು. ಹಿಂದಿನ ಮೂರು ಗೇಟುಗಳಲ್ಲೂ ಇಂಥದೇ ಕೋಲುಗಳಿದ್ದದ್ದು ಪ್ರೂಯಿಟ್‌ಗೆ ಆಗ ನೆನಪಾಯಿತು. ಕೋಲನ್ನು ಕಂಬಕ್ಕೂ ಗೂಟಕ್ಕೂ ನಡುವೆ ಸಿಕ್ಕಿಸಿ ಮೀಟಿದರೆ, ತೋಳಿನಲ್ಲಿ ಶಕ್ತಿ ಇಲ್ಲದವರೂ ಗೇಟು ಹಾಕಬಹುದು. ದಾರ ಕಟ್ಟಿದ್ದು ಹಕಬಿಯ ಸೊಂಟದ ಎತ್ತರಕ್ಕೆ.

ರ‍್ಯಾಂಚಿನಲ್ಲಿ ಅಷ್ಟು ಕುಳ್ಳು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಮುಂದೆ ಇನ್ನೂರು ಗಜದಾಚೆ ಗಡಿಯ ಕಬ್ಬಿಣದ ಕಂಬ ಕಾಣುತ್ತಿತ್ತು. ಮಿನ್ನಾ ಆ ಕಡೆಯೇ ನೋಡುತ್ತಿತ್ತು.

"ಕೋಲು ಬಿಚ್ಕೋ, ಚೀಟಿ ಅಂಟಿಸು," ಎಂದ ಹಕಬಿ. "ಸಾಕ್ಷ್ಯ."

ಹನ್ನೆರಡನೇ ತಾರೀಕು ಶನಿವಾರ ಅವನು ಒಬ್ಬನೇ ರ‍್ಯಾಂಚಿಗೆ ಹೋದ. ಮೊದಲು ಸ್ಟಾಡ್ಲರನನ್ನು ಕಂಡ.

"ರಾಯಲ್, ಆ ಹನ್ನೊಂದನ್ನ ಇಟ್ಕೊಂಡ್ರೆ ಆಗಲ್ವಾ? ಇನ್ನೆಷ್ಟು ದಿನ ಬದುಕ್ತಾವೆ?"

"ಚಳಿಗಾಲಕ್ಕೆ ಹುಲ್ಲು ನೀನು ಹಾಕ್ತೀಯಾ? ನಿನ್ನ ಕೆಲಸ ಕಳ್ಳನ್ನ ಹಿಡಿಯೋದು, ಕುದುರೆ ಸಾಕೋದಲ್ಲ."

ಮಾತು ಒರಟಾಗಿದ್ದರೂ ತಪ್ಪೇನಿರಲಿಲ್ಲ. ಹಕಬಿ ಲಾಯದ ಹಿಂದೆ ಹೋದ. ಥಿಯಾ ನೀರಿನ ತೊಟ್ಟಿ ತೊಳೆಯುತ್ತಿದ್ದಳು. ಅವನು ಪಕ್ಕದ ತಂತಿ ಗೇಟು ದಾಟಿ ಬಂದು, ಅದನ್ನು ಹಾಗೇ ಬಿಟ್ಟು ನಿಂತ.

"ಗೇಟು ಹಾಕಿ ಸಾರ್, ಕರುಗಳು ಹೋಗ್ತಾವೆ," ಎಂದಳು ಹುಡುಗಿ ತಕ್ಷಣ.

"ನನಗೆ ಸೊಂಟ ನೋವಮ್ಮ. ನೀನೇ ಹಾಕು."

ಅವಳು ಎದ್ದು ಬಂದಳು. ಯೋಚನೆಯೇ ಇಲ್ಲದೆ ಕೈ ಕಂಬದ ಹಿಂಬದಿಗೆ ಹೋಯಿತು, ಅಲ್ಲಿದ್ದ ಕೋಲು ತೆಗೆಯಿತು. ಆಮೇಲೆ ಕೈ ನಿಂತಿತು. ಅವಳು ತಲೆಯೆತ್ತಿ ಅವನ ಮುಖ ನೋಡಿದಳು.

"ಒಳ್ಳೆ ಉಪಾಯ," ಎಂದ ಹಕಬಿ. "ಯಾರು ಹೇಳ್ಕೊಟ್ಟಿದ್ದು?"

"ಅಪ್ಪ."

"ಬರೀ ಕೋಲು ನೋಡಿ ನಾನು ಯಾರನ್ನೂ ಹಿಡಿಯೋಕಾಗಲ್ಲ, ತಿಳೀತಾ? ಆದ್ರೆ ಇನ್ನೊಂದು ಸಾರಿ ಆ ಕುದುರೆಗಳು ಬಯಲು ದಾಟಿದ್ರೆ ಹಿಡೀಲೇಬೇಕಾಗುತ್ತೆ. ಮನೇಲಿ ನನಗೂ ಮಕ್ಕಳಿದ್ರು. ಸುಮ್ಮನಿದ್ದುಬಿಡು ಮಗು."

"ಹದಿನಾರಕ್ಕೆ ಅವನು ಬರ್ತಾನೆ ಸಾರ್."

"ಗೊತ್ತು."

"ಹಂಗಾದ್ರೆ ಹೆಂಗೆ ಸುಮ್ಮನಿರೋದು?"

ಹಕಬಿ ಟೋಪಿ ಸರಿಪಡಿಸಿಕೊಂಡು ಹೊರಟ. ದಾರಿಯುದ್ದಕ್ಕೂ ಸೊಂಟ ನೋಯುತ್ತಿತ್ತು.

ಸೆಪ್ಟೆಂಬರ್ ಹದಿನೈದು, ಮಂಗಳವಾರ. ಡಬ್ಬಿ ಕಾರ್ಖಾನೆಯವನು ಬರಲು ಒಂದೇ ದಿನ ಉಳಿದಿತ್ತು. ಬೆಳಿಗ್ಗೆ ಆರಕ್ಕೆ ಮೊದಲೇ ಶೆರಿಫನೂ ಡೆಪ್ಯುಟಿಯೂ ಕೊನೆಯ ಗೇಟಿನ ಪಕ್ಕದ ಹಳ್ಳದಲ್ಲಿ ಕುದುರೆ ಕಟ್ಟಿ ಕಾಯುತ್ತಿದ್ದರು. ಆರೂ ನಲವತ್ತಕ್ಕೆ, ಬಿಸಿಲು ಹುಲ್ಲಿನ ತುದಿಗೆ ಬಿದ್ದಾಗ, ದಕ್ಷಿಣದ ದಿಬ್ಬದ ಮೇಲೆ ಕುದುರೆಗಳು ಕಾಣಿಸಿದವು. ಮುಂದೆ ಮಿನ್ನಾ, ಅದರ ಬರಿ ಬೆನ್ನ ಮೇಲೆ ಥಿಯಾ. ಹಿಂದೆ ಹತ್ತು, ಸಾಲಾಗಿ, ತಲೆ ತೂಗುತ್ತಾ. ಯಾವುದಕ್ಕೂ ಹಗ್ಗವಿಲ್ಲ, ಹೇರೂ ಇಲ್ಲ.

"ಸಾರ್, ಸಾಮಾನು ತರೋಕೆ ಹೋಗ್ತಿಲ್ಲ ಇವಳು," ಎಂದು ಪ್ರೂಯಿಟ್ ಪಿಸುಗುಟ್ಟಿದ. "ಕುದುರೆಗಳನ್ನೇ ದಾಟಿಸ್ತಿದಾಳೆ. ಇದು ಕಳ್ಳತನವೇ ಆಯ್ತಲ್ಲ."

"ಕಾಣ್ತಿದೆ."

ಹುಡುಗಿ ಇಳಿದು ಗೇಟು ತೆಗೆದಳು. ಹನ್ನೊಂದೂ ಆ ಕಡೆಗೆ ಹೋದವು. ಅವಳೂ ದಾಟಿ, ಗೂಟ ಹಿಡಿದು ಎಳೆದು, ಕೋಲಿಗಾಗಿ ಕಂಬ ತಡಕಿದಳು. ಅಲ್ಲಿ ತುಂಡು ದಾರವಷ್ಟೇ ಇತ್ತು. ಅವಳಿಗೆ ಅರ್ಥವಾಗಲು ಎಷ್ಟು ಹೊತ್ತು ಬೇಕು! ಸುತ್ತ ಒಮ್ಮೆ ನೋಡಿದಳು. ಕುದುರೆಗಳು ಮುಂದೆ ಹೋಗುತ್ತಿದ್ದವು. ಗಡಿ ಇನ್ನೂರು ಗಜ. ಓಡಿದರೆ ಅರ್ಧ ನಿಮಿಷದ ದಾರಿ, ಅದರಾಚೆ ಮೊಂಟಾನಾದ ಯಾವ ಶೆರಿಫನೂ ಅವಳನ್ನು ಮುಟ್ಟುವಂತಿರಲಿಲ್ಲ.

ಅವಳು ಓಡಲಿಲ್ಲ. ಎರಡೂ ಕೈಯಲ್ಲಿ ಗೂಟ ತಬ್ಬಿ ಎಳೆಯತೊಡಗಿದಳು. ತಂತಿ ನಾಲ್ಕು ಬೆರಳು ಹತ್ತಿರ ಬಂದು ಹಿಂದಕ್ಕೆ ಚಿಮ್ಮಿತು. ಮತ್ತೆ ಎಳೆದಳು. ಮತ್ತೆ ಚಿಮ್ಮಿತು.

"ಬಿಟ್ಟು ಹೋಗೇ ಮಾರಾಯ್ತಿ," ಎಂದ ಹಕಬಿ ಹಲ್ಲು ಕಚ್ಚಿಕೊಂಡು. ಪ್ರೂಯಿಟ್ ಬೆರಗಾಗಿ ಅವನ ಕಡೆ ನೋಡಿದ. "ಹಾಳಾಗ್ಲಿ ಗೇಟು, ಬಿಟ್ಟು ಹೋಗೇ."

ಐದನೇ ಸಲವೂ ಅವಳು ಎಳೆಯುತ್ತಿರುವಾಗ ಹಕಬಿ ಎದ್ದು ಹಳ್ಳದಿಂದ ಮೇಲೆ ಬಂದ. ಅವಳು ನೋಡಿದಳು, ಆದರೆ ಗೂಟ ಬಿಡಲಿಲ್ಲ. ಮುಂಗೈಯಲ್ಲಿ ಮುಳ್ಳು ಗೀರಿ ರಕ್ತ ಬಂದಿತ್ತು. ಅವನು ಕಂಬಕ್ಕೆ ಹೆಗಲು ಕೊಟ್ಟು, ಗೂಟವನ್ನು ಎಳೆದುಕೊಂಡು, ಬಳೆ ತೊಡಿಸಿದ.

"ಕೋಲು ತಗೊಂಡು ಹೋದೋನು ನಾನೇ," ಎಂದ.

"ಗೇಟಿನ ಆ ಕಡೆ ಸ್ಟಾಡ್ಲರ್ ಅವರ ಹಸುಗಳಿದಾವೆ ಸಾರ್, ನಲವತ್ತು. ತೆಗೆದೇ ಬಿಟ್ಟಿದ್ರೆ ಎಲ್ಲಾ ಗಡಿ ದಾಟಿ ಹೋಗ್ತಿದ್ವು."

ಆರೂ ಐವತ್ತೆರಡಕ್ಕೆ ದಸ್ತಗಿರಿ ಆಯಿತು. ಪ್ರೂಯಿಟ್ ಅಷ್ಟರಲ್ಲಿ ತನ್ನ ಕುದುರೆಯನ್ನು ಹತ್ತಿದ್ದ. ಮುದಿ ಕುದುರೆಗಳು ಅಲ್ಲಲ್ಲಿ ನಿಂತು ಹುಲ್ಲು ಕಚ್ಚುತ್ತಾ ಇನ್ನೂ ಗಡಿಯ ಈ ಕಡೆಯೇ ಇದ್ದವು.

"ಸಾರ್, ತಿರುಗಿಸ್ಕೊಂಡು ಬರ್ಲಾ? ಎರಡು ನಿಮಿಷ ಸಾಕು."

ಹುಡುಗಿ ತಟ್ಟನೆ ಕುದುರೆಗಳ ಕಡೆ ತಿರುಗಿದಳು.

"ಮೊದಲು ಪಂಚನಾಮೆ," ಎಂದ ಅವನು.

"ಸಾರ್?"

"ದಸ್ತಗಿರಿ ಆದ ಜಾಗದ ಪಂಚನಾಮೆ. ಕಾಯ್ದೆ ಪ್ರಕಾರ ನಡೀಬೇಕಲ್ಲ. ಇಳಿ ಕೆಳಗೆ. ಗೇಟಿನ ಅಗಲ ಅಳೆ."

ಪ್ರೂಯಿಟ್ ಶೆರಿಫನ ಮುಖವನ್ನು ಒಂದು ಕ್ಷಣ ನೋಡಿ, ಕೆಳಗಿಳಿದು, ಅಳತೆಪಟ್ಟಿ ತೆಗೆದ.

"ಹನ್ನೆರಡು ಅಡಿ ನಾಲ್ಕು ಅಂಗುಲ."

"ಇನ್ನೊಂದು ಸಾರಿ ಅಳೆ."

"ಹನ್ನೆರಡೂ ನಾಲ್ಕೇ ಸಾರ್."

"ತಂತಿ ಎಷ್ಟೆಳೆ?"

"ನಾಲ್ಕು."

"ಒಂದಕ್ಕೊಂದು ಎಷ್ಟು ದೂರ? ಬೇರೆ ಬೇರೆ ಬರಿ. ಕಂಬ ಯಾವ ಮರದ್ದು?"

"ಜುನಿಪರ್ ಇರ್ಬೇಕು."

"ಇರ್ಬೇಕು ಅಂತ ಬರೀತಾರೇನೋ? ಸರಿಯಾಗಿ ನೋಡು."

ಪ್ರೂಯಿಟ್ ಕಂಬದ ಸುತ್ತ ಎರಡು ಸುತ್ತು ಬಂದ, ಉಗುರಿನಿಂದ ತೊಗಟೆ ಕೆರೆದು ಮೂಸಿದ. ಬರೆಯುವಾಗ ಅವನೂ ಅವಸರ ಮಾಡಲಿಲ್ಲ. ಏಳೂ ಇಪ್ಪತ್ತೈದಕ್ಕೆ ಸಹಿ ಹಾಕಿ ತಲೆಯೆತ್ತಿದಾಗ ಕಬ್ಬಿಣದ ಕಂಬದ ಈಚೆ ಒಂದು ಕುದುರೆಯೂ ಇರಲಿಲ್ಲ. ಆಚೆಯ ಇಳಿಜಾರಿನಲ್ಲಿ ಬೂದು ಬಣ್ಣದ್ದೊಂದು ಮುಂದೆ, ಉಳಿದವು ಹಿಂದೆ, ಹೋಗುತ್ತಲೇ ಇದ್ದವು.

ಹತ್ತು ಗಂಟೆಗೆ ಕಚೇರಿಯಲ್ಲಿ ಹೇಳಿಕೆ ಬರೆಯುವುದು ಶುರುವಾಯಿತು. ಪ್ರೂಯಿಟ್ ಅವಳ ಕೈಗೆ ಅಯೊಡಿನ್ ಹಚ್ಚಿ ಬಟ್ಟೆ ಸುತ್ತಿದ. ಸ್ಟಾಡ್ಲರ್ ಬಂದು ಕೂಗಾಡಿ ಹೋಗಿದ್ದ. ವಶಪಡಿಸಿಕೊಂಡ ಸ್ವತ್ತು ಎಂಬಲ್ಲಿ 'ಇಲ್ಲ' ಎಂದೇ ಬರೆಯಬೇಕಾಯಿತು. ಮುಂದಿನ ಚುನಾವಣೆಯಲ್ಲಿ ಅದಕ್ಕೆ ತಕ್ಕ ಉತ್ತರ ಸಿಗುತ್ತದೆಂದು ಹಕಬಿಗೆ ಗೊತ್ತಿತ್ತು, ಆಗಲಿ ಎಂದುಕೊಂಡ. ಹುಡುಗಿಗೆ ಹದಿನೆಂಟು ತುಂಬುವವರೆಗೆ ಸುಧಾರಣಾ ಶಾಲೆ ತಪ್ಪುವುದಿಲ್ಲ ಎಂಬುದೂ ಗೊತ್ತಿತ್ತು. ಅದನ್ನು ಅವನು ಅವಳಿಂದ ಮುಚ್ಚಿಡಲಿಲ್ಲ.

"ಕೆನಡಾ ಕಡೆಯವನು ನಿಂಗೇನು ಕೊಡ್ತೀನಿ ಅಂದಿದ್ದ?"

"ನಾಲ್ಕು ಸಾರಿ ಗಡಿಯಿಂದ ವಿಸ್ಕಿ ಹೇರ್ಕೊಂಡು ಬಂದು ಇಳಿಸ್ಕೊಟ್ರೆ ಹನ್ನೊಂದಕ್ಕೂ ಸಾಯೋತನಕ ಹುಲ್ಲು."

"ಹೆಸರು?"

"ಹೇಳಲ್ಲ."

"ಅವನು ಮಾತಿಗೆ ತಪ್ಪಿದ್ರೆ?"

ಅವಳು ಬಟ್ಟೆ ಸುತ್ತಿದ ಕೈ ನೋಡಿಕೊಂಡಳು. "ಇಲ್ಲಿದ್ರೆ ನಾಳೇನೇ ಡಬ್ಬಿಗೆ ಹೋಗ್ತಿದ್ವಲ್ಲ ಸಾರ್."

ಕೊನೆಯ ಕಾಲಂ ಅಪರಾಧದ ಕಾರಣ. ಹಕಬಿ ಲೇಖನಿ ಅದ್ದಿಕೊಂಡು ಕೇಳಿದ.

"ನಿನ್ನವಲ್ಲ, ರಾಯಲ್‌ನವು. ಇವತ್ತಲ್ಲ ನಾಳೆ ಸಾಯೋವೇ. ಅಂಥವಕ್ಕೋಸ್ಕರ ಯಾಕೆ ಮಾಡ್ದೆ?"

ಅವಳು ಕಿಟಕಿಯ ಕಡೆ ತಿರುಗಿದಳು.

"ಅಪ್ಪನ ಮುಖ ನನಗೆ ಮರ್ತುಹೋಗ್ತಿದೆ ಸಾರ್. ಅವರು ಕುದುರೆ ಕರೆಯೋಕೆ ಒಂದು ಥರ ಸಿಳ್ಳೆ ಹಾಕ್ತಿದ್ರು, ಅದೊಂದು ಬರುತ್ತೆ ನನಗೆ. ನಾನು ಹಾಕಿದ್ರೆ, ಅಪ್ಪ ಪಳಗಿಸಿದ್ದ ಆ ಹನ್ನೊಂದೂ ತಲೆ ಎತ್ತಿ ಬರ್ತಾವೆ. ಆದ್ರೆ ನನ್ನ ನೋಡಲ್ಲ. ನನ್ನ ಹಿಂದೆ ನೋಡ್ತಾವೆ, ಅಪ್ಪ ಬಂದ್ರಾ ಅಂತ. ಏಳು ವರ್ಷ ಆಯ್ತು, ಇನ್ನೂ ನೋಡ್ತಾವೆ. ಬೇರೆ ಯಾರೂ ನೋಡಲ್ಲ."

ಹಕಬಿ ಅದನ್ನು ಅವಳು ಹೇಳಿದ ಹಾಗೇ ಬರೆದುಕೊಂಡ. ಕಾಲಮಿನಲ್ಲಿ ಜಾಗ ಸಾಲದೆ ಹಾಳೆಯ ಅಂಚಿನಲ್ಲೂ ಬರೆದು, ವೇಳೆ ಹನ್ನೊಂದೂ ಹತ್ತು ಎಂದು ನಮೂದಿಸಿ, ಅವಳ ಸಹಿ ತೆಗೆದುಕೊಂಡ.